ಪಿಗ್ಮಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನಗೆ ಹೆಸರಿಲ್ಲ.
"ಪಿಗ್ಮಿ ಬಂದ್ರು, ಟೀ ಹೇಳೋ." ಅಷ್ಟೇ.
ಇಪ್ಪತ್ತಾರು ವರ್ಷ, ನಲವತ್ತೊಂದು ಅಂಗಡಿ,
ಐವತ್ತು ರೂಪಾಯಿ, ನೂರು ರೂಪಾಯಿ,
ಜೊತೆಗೆ ಅರ್ಧ ಲೋಟ ಟೀ,
ತಳದಲ್ಲಿ ಕರಗದೆ ಉಳಿದ ಸಕ್ಕರೆ.

ಬೇಡ ಅನ್ನುವುದು ಸುಲಭವಲ್ಲ.
ಬಳೆ ಅಂಗಡಿಯ ಚೆನ್ನಬಸಮ್ಮ
ಟೀ ಬೇಡವೆಂದವನ ಕೈಗೆ ದುಡ್ಡೂ ಕೊಡುವುದಿಲ್ಲ.
"ನಾಳೆ ಬಾರಪ್ಪ" ಅನ್ನುತ್ತಾಳೆ, ಬಳೆ ಒರೆಸುತ್ತಾ.
ಕಬ್ಬಿಣದಂಗಡಿ ಇಸ್ಮಾಯಿಲ್ ಸಾಬರದು
ಹಳೇ ಪೇಪರಿನ ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ.
ನಾಲ್ಕು ಜನ ಮಂಡಕ್ಕಿಗೆ ಕೈ ಹಾಕಿದಾಗ
ಕೈ ಕಟ್ಟಿ ನಿಂತವನನ್ನು ಬಜಾರು ನಂಬುವುದಿಲ್ಲ.

ಊಟದ ಡಬ್ಬಿ ಇತ್ತು.
ಎರಡು ರೊಟ್ಟಿ, ಹರಿವೆ ಸೊಪ್ಪಿನ ಪಲ್ಯ.
ಬಿಚ್ಚಿ ಕೂರಲು ಜಾಗ ಎಲ್ಲಿದೆ?
ಸಂಜೆ ಬೀದಿಯ ಹಸುವಿಗೆ ಹಾಕಿ
ಹಾಲಮ್ಮ ಕೇಳಿದರೆ "ತಿಂದೆ" ಅನ್ನುತ್ತಿದ್ದೆ.

ದುರ್ಗಿಗುಡಿಯ ತಿರುವಿನಲ್ಲಿ ಒಂದು ದಿನ
ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಬಗ್ಗಿದೆ.
ಎಡಗೈ ನನ್ನದಾಗಿರಲಿಲ್ಲ.

ಎದೆಗೆ ತಂತಿ ಅಂಟಿಸಿ ಚೀಟಿ ಹರಿದರು.
ನನ್ನ ಹೆಗಲ ಚೀಲದ ಯಂತ್ರ ಉಗುಳುವಂಥದೇ ಕಾಗದ,
ಅಂಕಿಯ ಬದಲು ಗೆರೆ.
ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ:
"ದಿನಾ ಸ್ವಲ್ಪ ಸ್ವಲ್ಪವೇ ಕಟ್ಟಿದೆ ಅಂಕಲ್."
ನಗು ಬಂತು. ನನಗೆ ಹೇಳಿಕೊಡಬೇಕಾದ ಮಾತೇ ಅದು?
ಖಾತೆ ಯಾರ ಹೆಸರಿನಲ್ಲಿದೆ ಅಂತ ಮಾತ್ರ
ನೋಡಿರಲಿಲ್ಲ.

ಈಗ ಮತ್ತೆ ಬಜಾರು.
ಜೇಬಿನಲ್ಲಿ ನಾಲಿಗೆಯಡಿ ಇಡುವ ಮಾತ್ರೆ.
ಬೇಡ ಅನ್ನುವುದನ್ನು ಕಲಿಯುತ್ತಿದ್ದೇನೆ, ಕಂತಿನಲ್ಲಿ.
ಚೆನ್ನಬಸಮ್ಮ ಮೂರು ದಿನ ಮುಖ ತಿರುಗಿಸಿದಳು.
ನಾಲ್ಕನೆಯ ದಿನ ಹೆಚ್ಚಿದ ಸೌತೆಕಾಯಿ, ಉಪ್ಪಿಲ್ಲದೆ:
"ಇದನ್ನೂ ಬೇಡ ಅಂದ್ರೆ ಖಾತೆ ಮುಚ್ತೀನಿ ನೋಡು."
ಇಸ್ಮಾಯಿಲ್ ಸಾಬರು ಬಜ್ಜಿಯ ಪೇಪರನ್ನು
ತಮ್ಮ ಕಡೆಗೆ ಎಳೆದುಕೊಂಡರು. ತಿನ್ನಲಿಲ್ಲ.
ಸುಮಾರು ಹೊತ್ತಾದ ಮೇಲೆ ಕೇಳಿದರು,
"ಎಲ್ಲಿಂದ ಶುರುವಾಯ್ತು ನೋವು? ಇಲ್ಲಿಂದಾನಾ?"

ಇವತ್ತೊಂದು ಹೊಸ ಖಾತೆ.
ಗೋಪಿ ಸರ್ಕಲ್ಲಿನ ಬೋಂಡದ ಗಾಡಿ, ಹುಡುಗ ರುದ್ರೇಶಿ.
ಎಣ್ಣೆ ಹತ್ತಿದ ಇಪ್ಪತ್ತರ ನೋಟು ಕೊಟ್ಟು
ಮೇಲೊಂದು ಬೋಂಡ ಇಟ್ಟ: "ಬೋಣಿ, ಸಾರ್."
ಗಾಡಿಗೆ ಕಟ್ಟಿದ ಮಾವಿನೆಲೆ ಇನ್ನೂ ಹಸಿ.
ಅವನ ಕಣ್ಣು ನನ್ನ ಬಾಯಿಯ ಮೇಲೇ.

ಅರ್ಧ ಮುರಿದೆ. ತಿಂದೆ. ಚೆನ್ನಾಗಿತ್ತು.
ಉಳಿದದ್ದನ್ನು ಚೀಟಿಯಲ್ಲಿ ಸುತ್ತಿ
ಮಾತ್ರೆಯ ಪಕ್ಕ ಇಟ್ಟುಕೊಂಡೆ.

ರಾತ್ರಿ ಹಾಲಮ್ಮ ಅಂಗಿ ಮೂಸುತ್ತಾಳೆ, ಗೊತ್ತು.
ಅವಳಿಗೀಗ ಲೆಕ್ಕ ಒಪ್ಪಿಸಬೇಕು:
ಇವತ್ತು ಎಷ್ಟು ಕಟ್ಟಿದೆ ಅಂತ.