ಅರವತ್ತು ಕೋಟಿಯಲ್ಲಿ ಮೂರು

ಗಾಜು ಕಾಯುವುದಿಲ್ಲ, ಅಂದಿದ್ದ ಓಟಾಕರ್ ಮೊದಲ ದಿನವೇ,
ಕುಲುಮೆಯತ್ತ ಗದ್ದ ಎತ್ತಿ.
ಕೆಂಡದುಂಡೆ ಇಳಿಯುತ್ತದೆ, ಕತ್ತರಿ ಕಚ್ಚಬೇಕು,
ಕೆಳಗೆ ಅಚ್ಚು ಬಾಯಿ ತೆರೆದಿರಬೇಕು.
ಕತ್ತರಿಗೆ ಹೊತ್ತು ಹೇಳುವುದು ಇನ್ನು ನನ್ನ ಪೆಟ್ಟಿಗೆ.
ಮೂವತ್ತು ವರ್ಷ ಹೇಳಿದ್ದು ಅವನ ಮೊಣಕೈ.

ಹೊರಗೆ ಯಿಜೆರಾ ಬೆಟ್ಟದ ಮೇಲೆ ಹಿಮ.
ಒಳಗೆ ನಾನು ತೋಳು ಮಡಿಚಿ ಕೂತಿದ್ದೇನೆ.
ಮೇಜಿನ ಮೇಲೆ ಎರಡು ಬೋರ್ಡು, ಅವಳಿ.
ಎಡದ್ದಕ್ಕೆ ಹಳೆಯ ಕರ್ನೆಲ್ಲು, ಬಲದ್ದಕ್ಕೆ ಹೊಸದು.
ಮಿಲಿಸೆಕೆಂಡಿಗೊಮ್ಮೆ ಎಬ್ಬಿಸುತ್ತೇನೆ ಎರಡನ್ನೂ:
ಏಳು. ಎದ್ದೆಯಾ? ಎಷ್ಟು ತಡ?
ಬರೆದುಕೋ. ಮಲಗು. ಏಳು.

ಸದ್ದಿಲ್ಲದ ಮನೆಯಲ್ಲಿ ಕರೆದರೆ ಯಾರಾದರೂ ಏಳುತ್ತಾರೆ.
ಅದಕ್ಕೇ ಬೆನ್ನ ಮೇಲೆ ಹೇರಿದ್ದೇನೆ
ಫೈಲುಗಳ ನಕಲು, ನೆಟ್‌ವರ್ಕಿನ ನೂಕುನುಗ್ಗಲು,
ಡಿಸ್ಕಿನ ಮೇಲೆ ಒಂದೇ ಸಮನೆ ಗೀಚಾಟ.
ಏಳು ಹಗಲು ಏಳು ರಾತ್ರಿ
ಏಳು, ಏಳು, ಏಳು.

ಎಂಟನೆಯ ಬೆಳಿಗ್ಗೆ ಲೆಕ್ಕ.
ಹಳೆಯದು ಸರಾಸರಿ ಒಂಬತ್ತು ಮೈಕ್ರೋಸೆಕೆಂಡು ತಡ,
ಹೆಚ್ಚೆಂದರೆ ಅರವತ್ತೆರಡು.
ಹೊಸದು ಸರಾಸರಿ ನಾಲ್ಕು,
ಹೆಚ್ಚೆಂದರೆ
ಇನ್ನೂರ ಹನ್ನೊಂದು.
ಮೂರೇ ಸಲ,
ಅರವತ್ತು ಕೋಟಿ ನಲವತ್ತೆಂಟು ಲಕ್ಷ ಸಲದಲ್ಲಿ.
ನಕ್ಷೆಯ ಎಡಕ್ಕೆ ಕಡಿದಾದ ಗುಡ್ಡ, ಆಮೇಲೆ ಬಯಲು, ಬಯಲು,
ಬಯಲಿನ ಕೊನೆಗೆ ಮೂರು ಚುಕ್ಕೆ.
ಪರದೆಯ ಧೂಳೆಂದು ಉಗುರಲ್ಲಿ ಕೆರೆದು ನೋಡಿದೆ.

ನೂರು ದಾಟಿದರೆ ಮೋಟಾರು, ಮಾತು ತಪ್ಪಿತೆಂದು, ಕೈಬಿಡುತ್ತದೆ.
ಆಮೇಲೆ ಬಂದ ಅಪ್ಪಣೆ
ಕೋಟೆ ಕೊಳ್ಳೆ ಹೋದ ಮೇಲಿನ ದಿಡ್ಡಿ ಬಾಗಿಲು.

ರಾದಿಮ್ ಬಂದ, ಟೈ ಸಡಿಲಿಸುತ್ತ:
ಎರಡು ಪಟ್ಟು ಚುರುಕಲ್ಲವೇ, ಹಾಕಿಬಿಡು.
ಸರಾಸರಿ ಅಂದರೇನು, ಕೇಳಿದ ಓಟಾಕರ್. ಹೇಳಿದೆ.
ಸರಾಸರಿ ಬಾಟಲಿಯಲ್ಲಿ ಯಾರೂ ಬಿಯರ್ ಕುಡಿಯುವುದಿಲ್ಲ, ಅಂದ.
ಒಡೆದದ್ದು ಯಾವುದು, ಅದನ್ನು ಹೇಳು.

ಹೊಸದೇ ಕಳ್ಳ ಎಂದು ತೀರ್ಮಾನಿಸಿಬಿಟ್ಟೆ.
ಎರಡು ಆವೃತ್ತಿಗಳ ನಡುವೆ ಸಾವಿರಾರು ತಿದ್ದುಪಡಿ;
ನಡುವಿಗೆ ಸೀಳಿ, ಅಳೆದು, ಮತ್ತೆ ಸೀಳಿ
ಹದಿಮೂರು ವಾರದಲ್ಲಿ ಒಂದು ಸಾಲಿಗೆ ಬಂದು ನಿಲ್ಲಬಹುದು.
ಕಾಣದ ಊರಿನ ಯಾರೋ ಬರೆದ ಆ ಸಾಲಿನ ಮೇಲೆ
ದೂರನ್ನು ಆಗಲೇ ಅರ್ಧ ಬರೆದಿದ್ದೆ,
ತುಸು ಖಾರವಾಗಿಯೇ.

ಬ್ಲಾಂಕಾ, ಅಂದ ಓಟಾಕರ್ ಬಾಗಿಲಲ್ಲಿ ನಿಂತು,
ಬಾಟಲಿ ಸೊಟ್ಟಗಾದರೆ ನಾವು ಮೊದಲು ಅಚ್ಚು ಬದಲಿಸುತ್ತೇವೆ.
ಊದುವವನನ್ನು ಬೈಯುವುದು ಆಮೇಲೆ.

ಇಷ್ಟು ಸಣ್ಣದು, ನನಗೆ ಹೊಳೆಯಲಿಲ್ಲ.
ಡಿಸ್ಕುಗಳನ್ನು ಅದಲುಬದಲು ಮಾಡಿದೆ.
ಮತ್ತೆ ಏಳು ರಾತ್ರಿ, ಅದೇ ಹೊರೆ, ಅದೇ ಕೂಗು.
ಚುಕ್ಕೆಗಳು ಹಳೆಯದರ ತಲೆಗೆ ಬಂದಿದ್ದವು.
ಬಲದ ಬೋರ್ಡಿನೊಳಗೆ, ಕರ್ನೆಲ್ಲಿಗೂ ಕೆಳಗೆ,
ಯಾರ ಮಾತೂ ಕೇಳದ ಫರ್ಮ್‌ವೇರ್ ಒಂದು
ಎರಡು ದಿನಕ್ಕೊಮ್ಮೆ ಎಲ್ಲವನ್ನೂ ತಡೆದು ನಿಲ್ಲಿಸಿ
ಫ್ಯಾನು ತಿರುಗುತ್ತಿದೆಯೇ ನೋಡಿ ಹೋಗುತ್ತದೆ.
ತಾನು ತೂಕಡಿಸಿದ್ದು ಕರ್ನೆಲ್ಲಿಗೆ ತಿಳಿಯುವುದೇ ಇಲ್ಲ:
ಗಡಿಯಾರ ನೋಡಿಕೊಂಡರೆ ಅಷ್ಟು ಹೊತ್ತು ಕಾಣೆ.

ಹೊಸದು, ಎಡದ ಬೋರ್ಡಿನಲ್ಲಿ, ಹೆಚ್ಚೆಂದರೆ ಮೂವತ್ತೆಂಟು.
ದೂರನ್ನು ಅಳಿಸಿದೆ.
ನಾನು ಅವತ್ತೇ ಹೇಳಲಿಲ್ಲವೇ, ಅಂದ ರಾದಿಮ್.
ಹೇಳಿದ್ದು ಹೌದು. ಅದಕ್ಕೇನು ಹೇಳಲಿ.

ಇವತ್ತು ರಾತ್ರಿ ಮೊದಲ ಬಾಟಲಿಗಳು. ಚಕ್. ಚಕ್.
ಅರವತ್ತು ಕೋಟಿ ನಲವತ್ತೆಂಟು ಲಕ್ಷದ ಮೇಲೆ
ಇನ್ನೊಂದು ಸಲ ಏನಾಗುತ್ತದೋ ನಾನು ಅಳೆದಿಲ್ಲ.
ಓಟಾಕರ್ ಯಂತ್ರಕ್ಕೆ ಬೆನ್ನು ಹಾಕಿ ಬ್ರೆಡ್ಡು ತಿನ್ನುತ್ತಿದ್ದಾನೆ.
ಅವನ ಮೊಣಕೈ ಮಾತ್ರ, ಪ್ರತಿ ಕತ್ತರಿಗೂ,
ಇಷ್ಟೇ ಇಷ್ಟು ಅಲುಗುತ್ತದೆ.
ಕತ್ತರಿಗಿಂತ ಮೊದಲೋ, ಆಮೇಲೋ,
ಅಳೆಯುವ ಸಲಕರಣೆ ನನ್ನಲ್ಲಿಲ್ಲ.