ಗುದೈಬಿಯಾದಲ್ಲಿ ಹನ್ನೊಂದು ಸೂಜಿ

ಹದಿನಾರು ವರ್ಷ ಇಸ್ತ್ರಿ ಒತ್ತಿದ ಬಲಭುಜ
ಈಗ ಕಲ್ಲು. ತಟ್ಟಿದರೆ ಸದ್ದು ಬರಬೇಕು, ಹಾಗೆ.
ಕಂಡವರ ತೋಬಿನ ಸುಕ್ಕು ಬಿಡಿಸುವವನಿಗೆ
ತನ್ನದೇ ಹೆಗಲಿನ ಮಡಿಕೆ ಕೈಗೆ ಸಿಗುತ್ತಿಲ್ಲ.

ಮುಳ್ಳಿಗೆ ಮುಳ್ಳೇ ಮದ್ದು ಮಾರಾಯ, ಹೋಗಿ ಬಾ
ಎಂದ ರೂಮಿನ ಇಸುಬು. ಅವನ ಸೊಂಟಕ್ಕೆ ತಾಗಿತ್ತಂತೆ.
ಅವನ ಭಾವನ ಮಂಡಿಗೆ ತಾಗಲಿಲ್ಲವಂತೆ;
ಅದನ್ನು ಆಮೇಲೆ ಹೇಳಿದ.

ಏಳು ದಿನಾರ್.
ಅಂದರೆ ಮೂವತ್ತೈದು ತೋಬು, ಕಾಲರ್ ಸಮೇತ.

ಚೀನಾದ ಡಾಕ್ಟರಮ್ಮ ಮಾತಿಲ್ಲದೆ ಬೆರಳೂರುತ್ತ
ನೋವು ಅಡಗಿದ್ದ ಬಾಗಿಲಿಗೇ ಹೋಗಿ ನಿಂತಳು;
ನಾನು ಅಡ್ರೆಸ್ಸು ಕೊಟ್ಟಿರಲಿಲ್ಲ.
ಸೂಜಿ ಹನ್ನೊಂದು. ಇರುವೆ ಕಚ್ಚಿದಷ್ಟೂ ಇಲ್ಲ.
ಆರನೆಯದಕ್ಕೆ ಮಾತ್ರ ಒಳಗೊಂದು ಮೀನು
ಪಟಕ್ಕನೆ ಹೊರಳಿ ಸುಮ್ಮನಾಯಿತು.

ಇಪ್ಪತ್ತು ನಿಮಿಷ ಅಲ್ಲಾಡಬೇಡ ಎಂದು ಹೋದಳು.
ಅಲ್ಲಾಡಬೇಡ ಎಂದು ಈ ಊರಲ್ಲಿ
ಯಾರೂ ನನಗೆ ಹೇಳಿದ್ದಿಲ್ಲ.

ಹೊರಗೆ ಬಂದರೆ ಕೈ ಕಿವಿ ದಾಟಿ ಮೇಲೆದ್ದಿತು.
ಆ ಖುಷಿಗೆ ಒಂದು ಟ್ಯಾಕ್ಸಿ ನಿಲ್ಲಿಸಿ
ಬೇಡ ಎಂದೆ. ಬೈದು ಹೋದ.

ಆಮೇಲೆ ರಂಜಾನಿನ ಮುಂಚಿನ ಬಟ್ಟೆರಾಶಿ.
ಶನಿವಾರಕ್ಕೆ ಗಂಟು ಮತ್ತೆ ಹಳೆ ಜಾಗದಲ್ಲಿ,
ಒಂಚೂರು ಸಣ್ಣದಾಗಿ,
ಅಥವಾ ಏಳು ದಿನಾರಿಗೆ ಹಾಗನ್ನಿಸಿ.

ತಾಗಿತಾ? ಕೇಳುತ್ತಾನೆ ಇಸುಬು.
ಸೂಜಿಯೋ, ಬರೇ ಮಲಗಿದ್ದೋ,
ತಾಗಿದ್ದು ಯಾವುದೆಂದು ಹೇಳಲಿ?
ಇಸ್ತ್ರಿ ಕಾದಿದೆ. ನೀರು ಚಿಮುಕಿಸುತ್ತೇನೆ.
ಮೂವತ್ತನಾಲ್ಕು ಮುಗಿಯಿತು.
ಇದೊಂದು.