ಎಂಬತ್ತೊಂದರ ಮೇಲೆ

ನಿನ್ನೆ ರಾತ್ರಿ ಆ ಇನ್ನೊಂದು ಮುದ್ದೆ ಬಿಟ್ಟಿದ್ದರೆ
ನಿನ್ನಳತೆಯ ಹುಡುಗನೆದುರು ನಿಂತಿರುತ್ತಿದ್ದೆ, ಧರಣೇಶ.
ಎಂಬತ್ತೊಂದು ಕೆಜಿ ಮುನ್ನೂರು ಗ್ರಾಂ.
ಮುನ್ನೂರು ಗ್ರಾಂ ಅಂದರೆ ನಮ್ಮ ಮಂಡಿಯಲ್ಲಿ
ಮೂರೇ ಮೂರು ಆಲೂಗಡ್ಡೆ, ಅದೂ ಎರಡನೇ ದರ್ಜೆಯವು.
ಅಷ್ಟಕ್ಕೇ ಬರೆದುಬಿಟ್ಟರು ಚೀಟಿಯಲ್ಲಿ:
ಎಂಬತ್ತೊಂದರ ಮೇಲೆ.
ಆ 'ಮೇಲೆ'ಗೆ ಸೂರಿಲ್ಲ ಮಗನೇ.
ಅಗೋ ಕೂತಿದ್ದಾನೆ ಅರಸೀಕೆರೆಯ ಟೈಟಸ್,
ನೂರ ಹದಿನಾಲ್ಕು.
ಅವನು ಹತ್ತಿದಾಗ ತೂಕದ ಮಿಷನ್ನು
ಸ್ವಲ್ಪ ಹೊತ್ತು ಯೋಚಿಸಿತು.

ಇಪ್ಪತ್ತಾರು ವರ್ಷ ಹಾಸನದ ಎಪಿಎಂಸಿ ಯಾರ್ಡಿನಲ್ಲಿ
ಮೂಟೆ ತೂಗಿದವನು ನಾನು. ಹೇಳುತ್ತೇನೆ ಕೇಳು.
ತೂಕ ಅನ್ನುವುದು ಹೊರುವವನ ಕಷ್ಟ,
ನೋಡುವವನದಲ್ಲ.
ಅವನ ನೂರ ಹದಿನಾಲ್ಕನ್ನು ಅವನೇ ಹೊರಲಿ
ಒಂಬತ್ತು ನಿಮಿಷ. ನೀನು
ಇಳಿಸಲು ಜಾಗ ಕೊಡಬೇಡ, ಅಷ್ಟೆ.
ತಬ್ಬಿಕೊಳ್ಳಲು ಬರುತ್ತಾನೆ, ಪ್ರೀತಿಯಿಂದಲ್ಲ.
ತಬ್ಬಿದನೋ, ಮೂಟೆ ನಿನ್ನ ಬೆನ್ನಿಗೆ ಬಂತು,
ಹಮಾಲಿ ಮಾತ್ರ ಸಿಗದು.

ಎನ್.ಆರ್. ಸರ್ಕಲ್ಲಿನಲ್ಲಿ ಬಸ್ಸು ಮೈಮೇಲೆ ಬಂದಾಗ
ಸೈಕಲ್ಲಿನವನು ಏನು ಮಾಡುತ್ತಾನೆ?
ಎದೆ ಕೊಟ್ಟು ನಿಲ್ಲುತ್ತಾನಾ? ಬಸ್ಸಿನ ಮುಂದೆ ಓಡುತ್ತಾನಾ?
ಪಕ್ಕಕ್ಕೆ ಸರಿದು
ಬಸ್ಸಿನ ಹೊಟ್ಟೆಗೆ ಎರಡು ಗುದ್ದಿ
ಡ್ರೈವರನಿಗೆ ಬೈಯುತ್ತಾನೆ.
ಹಾಗೆ. ಬೈಗುಳ ಬೇಡ, ರೆಫರಿ ಇದ್ದಾನೆ.
ಅವನ ಬಲಗೈ ದೂರವಿರಲಿ, ಎಡಗೈಯ ಹೊರಗೇ ಸುತ್ತು,
ಸುತ್ತುವಾಗ ಗಾಣದೆತ್ತಾಗಬೇಡ,
ಒಮ್ಮೊಮ್ಮೆ ಮುರಿದು ತಿರುಗು.

ಮುಖಕ್ಕೆ ಆಸೆಪಡಬೇಡ. ಅವನ ಮುಖ ದೂರದ ಊರು,
ಚಾರ್ಜು ಜಾಸ್ತಿ. ಪಕ್ಕೆ ಇಲ್ಲೇ ಇದೆ.
ಮೂಟೆಯ ಬಾಯಿ ಬಿಚ್ಚದೆಯೇ
ಕೊಳೆತದ್ದು ಎಲ್ಲಿದೆ ಅಂತ ಗಿಣ್ಣಿನಲ್ಲಿ ತಟ್ಟಿ ಹೇಳುತ್ತೇನಲ್ಲ,
ಹಾಗೆ ತಟ್ಟು. ಬಲಪಕ್ಕೆ, ಕೊನೆಯ ಎಲುಬಿನ ಕೆಳಗೆ,
ಮತ್ತೆ ಅಲ್ಲೇ.
ಎಲ್ಲೋ ಒಂದು ಕಡೆ ಮೆತ್ತಗೆ ಕೇಳುತ್ತದೆ.

ಇನ್ನೊಂದು. ನೆಟ್ಟಗೆ ಹಿಂದೆ ಹೋಗಬೇಡ.
ಭದ್ರಾವತಿಯಲ್ಲಿ, ತೊಂಬತ್ತೊಂದರಲ್ಲಿ,
ನಾನು ಹೋದೆ. ಒಂದು ಹೆಜ್ಜೆ, ಇನ್ನೊಂದು, ಇನ್ನೊಂದು.
ಹಗ್ಗ ಬೆನ್ನಿಗೆ ತಾಗಿದಾಗ
ಯಾರೋ ಬೇಕಾದವರು ಕೈಯಿಟ್ಟರು ಅನ್ನಿಸಿತ್ತು.
ಆಮೇಲೆ ಎಡಗಿವಿಯಲ್ಲಿ ಒಂದು ಸಿಳ್ಳೆ.
ಇನ್ನೂ ನಿಂತಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಗಂಟೆ.

ಮೊದಲನೇ ಸುತ್ತು:
ನೆಟ್ಟಗೆ ಹಿಂದೆ ಹೋದ.
ನಾನು ಹೇಳಿದ್ದಷ್ಟನ್ನೂ ಬಿಟ್ಟು, ನಾನು ಮಾಡಿದ್ದನ್ನೇ ಮಾಡಿದ.
ರೆಫರಿ ಎಂಟರವರೆಗೆ ಎಣಿಸಿದ,
ಹರಾಜು ಕೂಗುವವನಿಗಿಂತ ನಿಧಾನವಾಗಿ.

ಎರಡನೇ ಸುತ್ತು: ಸೈಕಲ್ಲು.
ಒಂದು, ಎರಡು, ನಾಲ್ಕು ಸಲ ಎಣಿಸಿದೆ ಪಕ್ಕೆಗೆ,
ಐದನೆಯದಕ್ಕೆ ನಾನೇ ಎದ್ದು ನಿಂತಿದ್ದೆ.
ಟೈಟಸನ ಬಾಯಿ ತೆರೆದಿತ್ತು,
ಮಧ್ಯಾಹ್ನದ ಅಂಗಡಿಯ ಹಾಗೆ, ಒಳಗೆ ಯಾರೂ ಇಲ್ಲದೆ.

ಸ್ಟೂಲಿಗೆ ಬಂದು ಕೂತ. ನೀರು ಹಾಕಿದೆ.
ಉಗುಳಿ, ತಲೆ ಓರೆ ಮಾಡಿ ಕೇಳಿದ:
'ಮೇಷ್ಟ್ರೇ, ಅದ್ಯಾರು ಆವಾಗಿಂದ ಸಿಳ್ಳೆ ಹೊಡೀತಿರೋದು?'

ಗ್ಯಾಲರಿ ತುಂಬ ಕಾಲೇಜು ಹುಡುಗರು.
ಯಾರೋ ನಿಜವಾಗಿ ಹೊಡೆಯುತ್ತಿದ್ದರೋ ಏನೋ.
ನನಗೆ ತಿಳಿಯುವುದು ಹೇಗೆ,
ನನ್ನ ಕಿವಿಯಲ್ಲಿ ಅದು ನಿಂತೇ ಇಲ್ಲವಲ್ಲ.

ಹೆಗಲ ಮೇಲಿನ ಟವೆಲ್ಲು ಕೈಗೆ ಬಂತು.
ಒದ್ದೆಯಾಗಿತ್ತು. ತೂಗಿ ಅಭ್ಯಾಸವಾದ ಕೈ,
ಸುಮ್ಮನಿರದು: ಮುನ್ನೂರು ಗ್ರಾಂ.

ಎಸೆದೆ.

ಧರಣೇಶ ನನ್ನ ಕಡೆ ನೋಡಲಿಲ್ಲ,
ಹಲ್ಲಿನಲ್ಲಿ ಗ್ಲೌಸಿನ ದಾರ ಬಿಚ್ಚುತ್ತಿದ್ದ.
ರಿಂಗಿನ ನಡುವೆ ಬಿದ್ದ ಟವೆಲ್ಲನ್ನು
ಟೈಟಸನೇ ಎತ್ತಿ ತಂದುಕೊಟ್ಟ, ಕಷ್ಟಪಟ್ಟು ಬಗ್ಗಿ,
ಒಂದು ಕೈ ಬಲಪಕ್ಕೆಯ ಮೇಲೆ,
ಕೊನೆಯ ಎಲುಬಿನ ಕೆಳಗೆ,
ಸರಿಯಾಗಿ ಅಲ್ಲೇ.